ನಾಲ್ಕು ಹೆಜ್ಜೆ ಬಲಕ್ಕೆ

ನಮ್ಮೂರು ದಿನಕ್ಕೆ ಮೂರು ಸುತ್ತು ತಿರುಗುತ್ತದೆ. ರಾಗಿಕಲ್ಲಿನ ಹಾಗೆ, ಆದರೆ ಸದ್ದಿಲ್ಲದೆ. ಹಾಲು ಕಾಯಿಸುವಾಗ ಅಡುಗೆಮನೆಯಲ್ಲಿದ್ದ ಬಿಸಿಲು ತಿಂಡಿಯ ಹೊತ್ತಿಗೆ ಪಡಸಾಲೆಗೆ ಬಂದು, ಮಕ್ಕಳು ಶಾಲೆಗೆ ಹೊರಡುವಾಗ ಹಿತ್ತಿಲಲ್ಲಿರುತ್ತದೆ. ಎಲ್ಲರ ಮನೆಯ ಬಾಗಿಲೂ ದಿನದಲ್ಲಿ ಯಾವಾಗಲಾದರೂ ಪೂರ್ವಕ್ಕೆ ಮುಖ ಮಾಡುವುದರಿಂದ ವಾಸ್ತು ಹೇಳುವವರು ನಮ್ಮಲ್ಲಿ ಬಾಳಲಿಲ್ಲ. ಒಬ್ಬರು ಬಂದಿದ್ದರು. ಮೂರು ದಿನ ದಿಕ್ಸೂಚಿ ಹಿಡಿದುಕೊಂಡು ಓಡಾಡಿ, ನಾಲ್ಕನೆಯ ದಿನ ಬೋಂಡಾ ಅಂಗಡಿ ಇಟ್ಟರು. ಬೋಂಡಾ ಚೆನ್ನಾಗಿಯೇ ಇರುತ್ತದೆ.

ಹೊರಗಿನ ನೆಲ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಅದಕ್ಕೂ ನಮ್ಮೂರಿನ ಅಂಚಿಗೂ ನಡುವೆ ಎರಡು ಮೊಳದ ಸಂದು. ಬಸ್ಸು ಹೊರಗಿನ ರಸ್ತೆಯ ಕೊನೆಗೆ ಬಂದು ನಿಲ್ಲುತ್ತದೆ. ಆ ಹೊತ್ತಿಗೆ ಯಾವ ಬೀದಿ ಅದರ ಎದುರಿಗೆ ತಿರುಗಿಕೊಂಡಿರುತ್ತದೋ ಆ ಬೀದಿಯವರಿಗೆ ಬಸ್ಸು ಮನೆಯ ಬಾಗಿಲಿಗೇ ಬಂದ ಹಾಗೆ. ಉಳಿದವರು ನಡೆದುಕೊಂಡು ಬರಬೇಕು. ಆ ಸಂದಿಗೆ ಹಲಗೆ ಹಾಕುವುದು ನನ್ನ ಕೆಲಸ. ದಿನಕ್ಕೆ ಆರು ಬಸ್ಸು, ಆರು ಸಲ ಹಲಗೆ. ಜನ ದಾಟುತ್ತಿರುವಾಗಲೇ ಊರು ಸರಿಯುವುದರಿಂದ ಹಲಗೆಯ ಈ ತುದಿಯನ್ನು ಹಿಡಿದುಕೊಂಡು ಇಂಚಿಂಚೇ ಹಿಂದಕ್ಕೆ ಎಳೆಯುತ್ತಿರಬೇಕು. ಇಪ್ಪತ್ತೆರಡು ವರ್ಷದಿಂದ ಎಳೆಯುತ್ತಿದ್ದೇನೆ. ಊರಲ್ಲಿ ನನ್ನನ್ನು ಹಲಗೆ ನಂಜಯ್ಯ ಅನ್ನುತ್ತಾರೆ. ಮನೆಯಲ್ಲಿ ಮಗಳು ಹೊನ್ನಿ. ಅವಳಿಗೆ ಆರು ವರ್ಷವಿದ್ದಾಗ ಅವಳಮ್ಮ ತೀರಿಕೊಂಡಳು. ಅಂದಿನಿಂದ ಜಡೆ ಹೆಣೆಯುವುದು, ಉಪ್ಪಿಟ್ಟು ಕೆದಕುವುದು, ಹಲಗೆ ಎಳೆಯುವುದು, ಮೂರೂ ಒಂದೇ ಜೊತೆ ಕೈಯ ಮೇಲೆ ನಡೆದುಕೊಂಡು ಬಂದಿದೆ.

ನಮ್ಮೂರೇ ಒಂದು ದೇಶ. ಸುತ್ತಲಿನ ಯಾವ ದೇಶದವರೂ ತಿರುಗುವ ಊರನ್ನು ತಮ್ಮದೆಂದು ಹೇಳಿಕೊಳ್ಳಲು ಮುಂದೆ ಬರಲಿಲ್ಲವಂತೆ. ದೇಶ ಎಂದಮೇಲೆ ಬಾವುಟ ಬೇಕು, ಅಧ್ಯಕ್ಷರು ಬೇಕು, ಫುಟ್ಬಾಲ್ ತಂಡ ಬೇಕು. ಬಾವುಟವನ್ನು ದರ್ಜಿ ಹೊಲಿದ. ಅಧ್ಯಕ್ಷರಾಗಿ ಅಕ್ಕಿಗಿರಣಿಯ ರಾಚಪ್ಪನವರು ಇದ್ದಾರೆ. ಗಂಡಸರ ತಂಡ ಒಂದಿತ್ತು. ಪರದೇಶಕ್ಕೆ ಆಡಲು ಹೋದವರು ಚಟ್ನಿಗೆ ಕಾಯಿ ಹಾಕಬೇಕೋ ಕಡಲೆ ಹಾಕಬೇಕೋ ಎಂದು ಕಿತ್ತಾಡಿಕೊಂಡು ಬೇರೆಬೇರೆ ಬಸ್ಸಿನಲ್ಲಿ ವಾಪಸು ಬಂದರು. ಅಲ್ಲಿಂದ ದೇಶದ ತಂಡ ಎಂದರೆ ಹೆಣ್ಣುಮಕ್ಕಳ ತಂಡವೇ. ತರಬೇತುದಾರ ನಾನು. ನನಗೆ ಆಟ ಗೊತ್ತು ಎಂದಲ್ಲ, ಬಸ್ಸಿನ ವೇಳೆ ಸರಿಯಾಗಿ ಗೊತ್ತಿದ್ದವನು ನಾನೊಬ್ಬನೇ ಎಂದು. ಒಂಬತ್ತನೇ ನಂಬರಿನ ಅಂಗಿ, ಅಂದರೆ ಗೋಲು ಹೊಡೆಯುವ ಕೆಲಸ, ನನ್ನ ಹೊನ್ನಿಯದು.

ಹೊರಗಿನವರು ನಮ್ಮ ಮೈದಾನಕ್ಕೆ ಬಂದು ಆಡಿದ್ದು ಒಂದೇ ಸಲ. ಇಪ್ಪತ್ತು ನಿಮಿಷದಲ್ಲಿ ಹನ್ನೊಂದು ಜನರಿಗೂ ತಲೆಸುತ್ತು ಬಂದು, ನಿಂಬೆಹಣ್ಣು ಮೂಸುತ್ತಾ ಮಲಗಿಬಿಟ್ಟರು, ಆ ಪಂದ್ಯ ಲೆಕ್ಕಕ್ಕೇ ಬರಲಿಲ್ಲ. ಆಮೇಲೆ ಹೊರಗಿನ ಫುಟ್ಬಾಲ್ ಮಂಡಳಿಯವರು ನಮ್ಮ ಪಂದ್ಯಗಳನ್ನೆಲ್ಲ ನಿಂತ ನೆಲದ ಮೇಲೆ ಇಟ್ಟರು. ಅಲ್ಲಿ ನಮಗೆ ಆಗುತ್ತಿದ್ದದ್ದು ಇಷ್ಟು: ಹುಡುಗಿಯರು ತಮ್ಮತಮ್ಮಲ್ಲಿ ಚೆಂಡು ಕೊಟ್ಟು ತೆಗೆದುಕೊಳ್ಳುವುದನ್ನು ನೋಡಿದರೆ ಕಣ್ಣಿಗೆ ತಂಪಾಗುತ್ತಿತ್ತು. ಒಬ್ಬಳು ಒದ್ದ ಕಡೆಗೆ ಇನ್ನೊಬ್ಬಳು ಸರಿಯಾಗಿ ಬಂದು ನಿಂತಿರುತ್ತಿದ್ದಳು. ಆದರೆ ಗೋಲಿಗೆ ಹೊಡೆದಾಗ ಮಾತ್ರ ಗೋಲು ಜಾಗ ಬಿಟ್ಟು ಬಲಕ್ಕೆ ಸರಿದುಬಿಡುತ್ತಿತ್ತು. ಹೊನ್ನಿ ಹೊಡೆದ ಚೆಂಡುಗಳು ಒಬ್ಬ ಫೋಟೋದವನ ಕ್ಯಾಮೆರಾಕ್ಕೆ, ಒಂದು ಐಸ್‌ಕ್ಯಾಂಡಿ ಡಬ್ಬಿಗೆ, ಎದುರು ದೇಶದ ಮಂತ್ರಿಯ ಹೆಂಡತಿ ತಂದಿದ್ದ ಊಟದ ಬುಟ್ಟಿಗೆ ತಾಗಿದ್ದವು. ಎಲ್ಲವೂ ಗೋಲಿನ ಎಡಗಡೆ ಕೂತವರದೇ. ಪ್ರತಿ ಪಂದ್ಯ ಮುಗಿದಮೇಲೂ ರಾಚಪ್ಪನವರು ಮಂಡಳಿಗೆ ಪತ್ರ ಬರೆಯುತ್ತಿದ್ದರು: ‘ದಯಮಾಡಿ ಗೋಲಿನ ಕಂಬಗಳನ್ನು ಸರಿಯಾಗಿ ನೆಡತಕ್ಕದ್ದು.’ ಹೊರಗಿನ ವಸ್ತುಗಳು ಒಂದು ಕಡೆ ನಿಲ್ಲುವುದಿಲ್ಲ ಎಂಬುದು ನಮ್ಮ ಹಿರಿಯರ ಕಾಲದಿಂದ ಬಂದ ತಿಳಿವಳಿಕೆ.

ಇಪ್ಪತ್ತಮೂರು ಪಂದ್ಯ ಹಾಗೇ ಹೋದವು. ಗೋಲು ಸೊನ್ನೆ. ಕೊನೆಗೆ ಮಂಡಳಿಯೇ ಒಂದು ಪತ್ರ ಬರೆಯಿತು. ಇಪ್ಪತ್ತನಾಲ್ಕನೆಯ ಪಂದ್ಯಕ್ಕೆ ಎರಡು ತಿಂಗಳಿದೆ, ಅದರಲ್ಲೂ ಒಂದು ಗೋಲಾದರೂ ಬರದಿದ್ದರೆ ನಿಮ್ಮ ದೇಶದ ಹೆಸರನ್ನು ಪಟ್ಟಿಯಿಂದ ತೆಗೆಯುತ್ತೇವೆ ಎಂದು. ಹೊನ್ನಿ ಆ ಪತ್ರವನ್ನು ಎರಡು ಸಲ ಓದಿ, ಮಡಿಸಿ, ಸಕ್ಕರೆ ಡಬ್ಬಿಯ ಕೆಳಗಿಟ್ಟಳು. ಅವಳಿಗೆ ಇಪ್ಪತ್ತು ವರ್ಷ. ಹನ್ನೊಂದು ಪಂದ್ಯ ಆಡಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಗೋಲು, ಅದು ನನಗೆ ಗೊತ್ತಿತ್ತು. ಅವಳ ಬದಲು ಬೇರೆ ಯಾರೋ ಆ ಗೋಲು ಹೊಡೆದುಬಿಟ್ಟರೆ ಏನು ಮಾಡುವುದು ಎಂಬ ಯೋಚನೆ ಆಗಿನ್ನೂ ನನಗೆ ಬಂದಿರಲಿಲ್ಲ.

ಪತ್ರ ಬಂದ ಮರುವಾರ ಪಕ್ಕದ ಮನೆಯ ದ್ಯಾವಮ್ಮನ ಮಗ ಚೆಲುವ ಪರದೇಶದಿಂದ ಹೆಂಡತಿಯನ್ನು ಕರೆದುಕೊಂಡು ಬಂದ. ಅವನು ಹೋದದ್ದು ಗಿರಣಿಯ ಬೆಲ್ಟು ತರಲು. ಬೆಲ್ಟಿನ ಅಂಗಡಿಗೆ ಹೊರಟರೆ ಒಂದು ಹಸಿರು ಬಾಗಿಲಿನ ಮನೆ ಎದುರಿಗೆ ಬಂತಂತೆ. ಮುಂದೆ ನಡೆದರೆ ಮತ್ತೆ ಅದೇ ಮನೆ.

“ಏಳು ಸಲ ಬಂತು ಮಾವ ಆ ಮನೆ ನನ್ನ ಮುಂದೆ,” ಎಂದು ಚೆಲುವ ನನಗೆ ಹೇಳಿದ. “ಏಳನೇ ಸಲಕ್ಕೆ ಇವಳು ಬಾಗಿಲು ತೆಗೆದು, ನಿಂಗೇನು ಬೇಕು ಅಂದಳು. ಏನು ಬೇಕು ಅಂತ ನಂಗೇ ಮರೆತುಹೋಯ್ತು.”

“ಬೆಲ್ಟು ಬೇಕು ಅನ್ನೋಕೇನಾಗಿತ್ತು ಇವನಿಗೆ,” ಎಂದಳು ದ್ಯಾವಮ್ಮ. “ಗಿರಣಿ ಇನ್ನೂ ಕೆಟ್ಟೇ ನಿಂತಿದೆ.”

ಆ ಹುಡುಗಿಯ ಹೆಸರು ಮರೀಕ. ಎತ್ತರದ ಆಳು, ತಾಮ್ರದ ಬಣ್ಣದ ಕೂದಲು. ನಾನು ಹಲಗೆ ಹಾಕಲು ಹೋದಾಗ ಅವಳು ಆಚೆ ನೆಲದ ಮೇಲೆ ನಿಂತಿದ್ದಳು. ಚೆಲುವ ಬಸ್ಸಿನ ಮೇಲಿಂದ ಪೆಟ್ಟಿಗೆ ಇಳಿಸುತ್ತಿದ್ದ. ಹೊತ್ತು ಕಳೆಯಲೆಂದು ಅವಳು ಕೈಚೀಲದಿಂದ ಒಂದು ಚೆಂಡು ತೆಗೆದು ಕೆಳಗಿಟ್ಟು, ಮೂವತ್ತು ಹೆಜ್ಜೆ ದೂರದಲ್ಲಿದ್ದ ಮೈಲಿಗಲ್ಲಿಗೆ ಒದ್ದಳು. ತಾಗಿತು. ಚೆಂಡು ಪುಟಿದು ಅವಳ ಕಾಲಿಗೇ ಬಂತು. ಮತ್ತೆ ಒದ್ದಳು, ತಾಗಿತು. ಮೂರನೆಯದೂ ತಾಗಿತು. ಬಸ್ಸು ಕಾಯುವ ನಮ್ಮೂರಿನವರು ಅಜ್ಜಂದಿರ ಕಾಲದಿಂದ ಆ ಕಲ್ಲಿಗೆ ಹರಳು ಎಸೆಯುತ್ತಾ ಬಂದಿದ್ದಾರೆ. ಒಬ್ಬರದೂ ತಾಗಿದ್ದಿಲ್ಲ, ಅದು ಚಂಚಲದ ಕಲ್ಲು ಎಂದೇ ಹೆಸರಾಗಿತ್ತು. ನನ್ನ ಕೈಯಿಂದ ಹಲಗೆ ಜಾರಿತು. ಎತ್ತಿಕೊಂಡೆ. ಅವಳನ್ನು ದಾಟಿಸಿದೆ. ಕಂಡದ್ದನ್ನು ಯಾರಿಗೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದರೆ ಅಂಗಿ ಇರುವುದು ಒಂದೇ. ಒಂಬತ್ತನೇ ನಂಬರಿನದು.

ಆದರೆ ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಇಂಥದ್ದು ಎಷ್ಟು ದಿನ ನಿಲ್ಲುತ್ತದೆ? ಎಂಟು ದಿನಕ್ಕೆಲ್ಲ ಹೊನ್ನಿಯೂ ಮರೀಕಳೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿನ್ನುವಷ್ಟು ಹತ್ತಿರವಾದರು. ಮರೀಕ ತನ್ನ ಊರಿನಲ್ಲಿ ಗೋಲು ಹೊಡೆಯುವ ಆಟಗಾರ್ತಿಯಾಗಿದ್ದಳಂತೆ. ಹೊನ್ನಿ ಅವಳನ್ನು ಎಳೆದುಕೊಂಡು ಮೈದಾನಕ್ಕೆ ಬಂದಳು. ನಮ್ಮ ತಿರುಗುವ ನೆಲದ ಮೇಲೆ ಅವಳು ಓಡಲು ಹೋಗಿ ಮೂರು ಸಲ ಕೂತಳು. ಒದ್ದ ಚೆಂಡು ಬಲಕ್ಕೆ ಹೋಗಿ ಬೋಂಡಾ ಅಂಗಡಿಯ ಹಿಟ್ಟಿನೊಳಗೆ ಬಿತ್ತು. ಊರೆಲ್ಲ ನಕ್ಕಿತು. ನನಗೂ ಒಳಗೊಳಗೇ ಹಗುರವಾಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ.

“ಅಪ್ಪಾ, ಇವಳು ಆಚೆ ನೆಲದ ಮೇಲೆ ನೇರ ಒದೀತಾಳಂತೆ,” ಎಂದಳು ಹೊನ್ನಿ. “ನಮ್ಮ ಪಂದ್ಯ ಇರೋದೂ ಆಚೆ ನೆಲದ ಮೇಲೇ ಅಲ್ವಾ? ಒಂದ್ಸಲ ನೋಡೋಣ, ಹಲಗೆ ಹಾಕು.”

ಹಾಕಿದೆ. ಅರ್ಧ ಊರು ದಾಟಿ ನಿಂತಿತು. ಮರೀಕ ಮೈಲಿಗಲ್ಲಿಗೆ ಹತ್ತು ಸಲ ಒದ್ದಳು, ಹತ್ತೂ ತಾಗಿದವು. ರಾಚಪ್ಪನವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಆಮೇಲೆ ಶುರುವಾಯಿತು ಮಾತು. ಹೊರಗೆ ಹುಟ್ಟಿದವಳನ್ನು ದೇಶದ ತಂಡಕ್ಕೆ ಹಾಕಿಕೊಳ್ಳಬಹುದೇ? ಹಾಗೆ ಬಂದ ಗೋಲು ನಮ್ಮದಾಗುತ್ತದೆಯೇ?

“ನಿಮ್ಮವ್ವ ಎಲ್ಲಿ ಹುಟ್ಟಿದ್ದು ರಾಚಪ್ಪ?” ಎಂದು ಕೇಳಿದಳು ದ್ಯಾವಮ್ಮ. “ಬಸ್ಸಿನಲ್ಲಿ ಬಂದ ಸೊಸೆಯೇ ಅಲ್ವಾ ಅವಳೂ? ಹಂಗಾದ್ರೆ ನಿನ್ನನ್ನು ಅಧ್ಯಕ್ಷ ಮಾಡಿದ್ದೂ ತಪ್ಪಾಯ್ತು.”

ಹಿಂದಿನ ದಿನದವರೆಗೂ ನಮ್ಮ ಸೊಸೆ ಚಡ್ಡಿ ಹಾಕಿಕೊಂಡು ಓಡಾಡುವುದು ಬೇಡ ಎನ್ನುತ್ತಿದ್ದವಳು ಅವಳೇ. ಬೇರೆಯವರು ಬೇಡ ಎಂದಾಗ ಅವಳ ಮನಸ್ಸು ಬದಲಾಗುವುದು ಹೊಸದೇನಲ್ಲ. ರಾಚಪ್ಪನವರು ಸೋತು, “ಆಯ್ತಮ್ಮ, ಹಾಕ್ಕೊಳ್ಳೋಣ,” ಎನ್ನುತ್ತಿದ್ದ ಹಾಗೆ ನಾನು ಬಾಯಿಬಿಟ್ಟೆ.

“ಕೊಡದ ನಿಯಮ ಒಂದಿದೆಯಲ್ಲ,” ಎಂದೆ.

ಹೊರಗಿನಿಂದ ಬಂದ ಸೊಸೆಯಂದಿರು ಬಾವಿಯಿಂದ ತುಂಬಿದ ಕೊಡ ಹೊತ್ತು, ಒಂದು ಹನಿಯೂ ತುಳುಕದಂತೆ ಗಂಡನ ಮನೆಯ ಹೊಸಿಲಿಗೆ ತಂದಿಟ್ಟರೆ ಅವರು ನಮ್ಮೂರಿನವರು. ಊರು ತಿರುಗುವುದಕ್ಕೆ ಸರಿಯಾಗಿ ಮೈಯನ್ನು ಒಂಚೂರು ಎಡಕ್ಕೆ ವಾಲಿಸುವುದು ಬರಬೇಕು, ಇಲ್ಲದಿದ್ದರೆ ನೀರು ಬಲಭುಜಕ್ಕೆ ಸುರಿಯುತ್ತದೆ. ಹಳೆಯ ಪದ್ಧತಿ. ಕೆಲವರಿಗೆ ವರ್ಷ ಹಿಡಿದದ್ದುಂಟು. ಅದಕ್ಕೂ ಫುಟ್ಬಾಲಿಗೂ ಸಂಬಂಧವಿದೆ ಎಂದು ಯಾರಿಗೂ ಹೊಳೆದಿರಲಿಲ್ಲ, ನನಗೆ ಹೊಳೆಯಿತು. ಊರಿನವರಾದ ಮೇಲಲ್ಲವೇ ಊರಿನ ಅಂಗಿ ಎಂದೆ. ರಾಚಪ್ಪನವರಿಗೆ ನಿಯಮ ಎಂದರೆ ಇಷ್ಟ, ತಕ್ಷಣ ಒಪ್ಪಿದರು. ಹೊನ್ನಿ ನನ್ನ ಮುಖ ನೋಡಿದಳು. ನಾನು ಹಲಗೆ ನೋಡಿದೆ.

ಅಂದಿನಿಂದ ನಮ್ಮ ಬೀದಿಗೆ ದಿನಾ ಬೆಳಿಗ್ಗೆ ನೀರು ಚಿಮುಕಿಸುವ ಕೆಲಸ ತಪ್ಪಿತು. ಮರೀಕ ಕೊಡ ಹೊತ್ತು ಹೊರಟರೆ ಬಾವಿಯಿಂದ ಮನೆಯವರೆಗೂ ರಸ್ತೆ ತೊಳೆದಂತಾಗುತ್ತಿತ್ತು. ಹಿಂದೆಯೇ ದ್ಯಾವಮ್ಮ: “ಸೊಂಟ, ಸೊಂಟ ಬಿಡು. ಕಂಬದ ಹಾಗೆ ನಿಲ್ಲಬೇಡ. ನೆಲ ಎಲ್ಲಿಗೆ ಕರೀತದೋ ಅಲ್ಲಿಗೆ ಹೋಗು.”

“ನೆಲ ನನ್ನನ್ನು ಕರೀತಿಲ್ಲ ಅತ್ತೆ, ನೂಕ್ತಿದೆ,” ಎನ್ನುತ್ತಿದ್ದಳು ಅವಳು, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಾ.

ಎರಡನೆಯ ವಾರಕ್ಕೆ ಅರ್ಧ ಕೊಡ ಉಳಿಯಿತು. ನಾಲ್ಕನೆಯ ವಾರಕ್ಕೆ ಮುಕ್ಕಾಲು. ಹೊನ್ನಿ ದಿನಾ ಅವಳ ಜೊತೆ ಖಾಲಿ ಕೊಡ ಹೊತ್ತು ನಡೆದು ತೋರಿಸುತ್ತಿದ್ದಳು. ನನ್ನ ಮಗಳೇ ತನ್ನ ಅಂಗಿ ಕಳಚಿ ಕೊಡುವುದಕ್ಕೆ ಇಷ್ಟು ಒದ್ದಾಡುತ್ತಿದ್ದಾಳಲ್ಲ ಎಂದು ಹಲಗೆ ಎಳೆಯುತ್ತಾ ನೋಡುತ್ತಿದ್ದೆ. ಪಂದ್ಯಕ್ಕೆ ಹದಿನಾಲ್ಕು ದಿನ ಉಳಿದಿರುವಾಗ ಒಂದು ಮುಂಜಾನೆ ಮರೀಕ ತುಂಬಿದ ಕೊಡ ತಂದು ಹೊಸಿಲಿನ ಮೇಲಿಟ್ಟಳು. ಬೀದಿಯವರೆಲ್ಲ ಬಗ್ಗಿ ಹಿಂದಿನ ದಾರಿ ನೋಡಿದರು. ಧೂಳು ಧೂಳಾಗಿಯೇ ಇತ್ತು. ದ್ಯಾವಮ್ಮ ಸೊಸೆಯ ಕೆನ್ನೆಗೆ ಅರಿಸಿನ ಹಚ್ಚಿ, “ನೋಡ್ರಿ, ಊರಿಗೆ ಬಂದು ನಲವತ್ತೇ ದಿನ. ನನಗೆ ಐದು ತಿಂಗಳು ಹಿಡಿದಿತ್ತು,” ಎಂದಳು. ಆಕೆಯೂ ಹೊರಗಿನಿಂದ ಬಂದವಳು ಎಂಬುದು ನಮ್ಮಲ್ಲಿ ಎಷ್ಟೋ ಜನಕ್ಕೆ ಮರೆತೇಹೋಗಿತ್ತು.

ಆ ಖುಷಿಯಲ್ಲೇ ಎಲ್ಲರೂ ಹಲಗೆ ದಾಟಿದರು. ಮರೀಕ ಚೆಂಡಿಟ್ಟು ಮೈಲಿಗಲ್ಲಿಗೆ ಒದ್ದಳು.

ಚೆಂಡು ಹೋಗಿ ಎಡಗಡೆಯ ಕಳ್ಳಿಪೊದೆಗೆ ಬಿತ್ತು.

ಇನ್ನೊಮ್ಮೆ ಒದ್ದಳು, ಅದೇ ಪೊದೆ. ಮೂರನೆಯದೂ ಅದೇ. ಕೊಡ ಹೊರಿಸಿದವನು ನಾನು. ಅವಳನ್ನು ನಮ್ಮವಳು ಮಾಡಿಬಿಟ್ಟಿದ್ದೆವು, ನಮ್ಮ ಹಾಗೇ ಮಾಡಿಬಿಟ್ಟಿದ್ದೆವು.

“ಕಲ್ಲು ಸರಿದಿದೆ,” ಎಂದರು ರಾಚಪ್ಪನವರು. “ಅವಳದೇನೂ ತಪ್ಪಿಲ್ಲ. ಈ ಕಲ್ಲಿನ ಹಣೆಬರಹವೇ ಇಷ್ಟು.”

ಮರೀಕ ಅಳುತ್ತಾಳೆ ಅಂದುಕೊಂಡೆ. ಅವಳು ಪೊದೆಯಿಂದ ಕಲ್ಲಿನವರೆಗೆ ಹೆಜ್ಜೆ ಹಾಕುತ್ತಾ ನಡೆದಳು. “ನಾಲ್ಕು,” ಎಂದಳು. ವಾಪಸು ಬಂದು, “ಹೊನ್ನಿ, ನೀನು ಒದಿ,” ಎಂದಳು. ಹೊನ್ನಿಯ ಚೆಂಡೂ ಅದೇ ಪೊದೆಗೆ ಬಿತ್ತು. ಗೋಲು ಕಾಯುವ ಹುಡುಗಿಯದೂ ಅಲ್ಲಿಗೇ.

“ಕಲ್ಲು ಸರಿಯೋದಿಲ್ಲ,” ಎಂದಳು ಮರೀಕ. “ನಾವು ಬಾಗ್ತೀವಿ.”

“ಏನು ಬಾಗೋದು? ನಾನು ಅರವತ್ತು ವರ್ಷದಿಂದ ನೆಟ್ಟಗೆ ನಡೀತಿದ್ದೀನಿ,” ಎಂದರು ರಾಚಪ್ಪನವರು.

“ನಾನೂ ಈಗ ನೆಟ್ಟಗೇ ಒದ್ದೆ ಅನಿಸ್ತು ಸಾರ್. ಬಂದ ದಿನ ಹೇಗೆ ಒದ್ದೆನೋ ಹಾಗೇ. ಆವತ್ತು ತಾಗ್ತು, ಇವತ್ತು ಇಲ್ಲ. ಕಲ್ಲು ಅದೇ, ಕಾಲೂ ಅದೇ. ನಡುವೆ ಆಗಿದ್ದು ಕೊಡ ಒಂದೇ.”

ಯಾರಿಗೂ ನಂಬಿಕೆ ಬರಲಿಲ್ಲ. ಆಗ ಅವಳು ಅತ್ತೆಯ ಕೈಹಿಡಿದು ಕರೆದುಕೊಂಡು ಹೋಗಿ ಮೈಲಿಗಲ್ಲಿನ ಮೇಲೆ ಕೂರಿಸಿದಳು. ಕಲ್ಲನ್ನು ಅನುಮಾನಿಸಬಹುದು, ದ್ಯಾವಮ್ಮನನ್ನು ಅನುಮಾನಿಸುವ ಧೈರ್ಯ ಇದ್ದವರು ನಮ್ಮೂರಲ್ಲಿ ಇಲ್ಲ. ಹುಡುಗಿಯರು ಒಬ್ಬೊಬ್ಬರೇ ಒದ್ದರು. ಚೆಂಡುಗಳೆಲ್ಲ ಸಾಲಾಗಿ ಕಳ್ಳಿಪೊದೆ ಸೇರಿದವು.

“ಕಲ್ಲು ಸರಿಯಿತಾ ದ್ಯಾವಕ್ಕ?” ಎಂದು ರಾಚಪ್ಪನವರು ಕೂಗಿ ಕೇಳಿದರು.

“ನಾನು ಕೂತಮೇಲೆ ಯಾವ ಕಲ್ಲು ಸರಿಯುತ್ತೆ?” ಎಂದಳು ದ್ಯಾವಮ್ಮ. “ನೀವೇ ಎಲ್ಲೆಲ್ಲಿಗೋ ಒದೀತಿದ್ದೀರಿ. ಇಲ್ಲಿಂದ ನೋಡಿದರೆ ನಗು ಬರುತ್ತೆ.”

ರಾಚಪ್ಪನವರು ಮಂಡಳಿಗೆ ಬರೆದ ಇಪ್ಪತ್ತಮೂರು ಪತ್ರಗಳನ್ನು ನೆನೆಸಿಕೊಂಡರೋ ಏನೋ, ಕನ್ನಡಕ ತೆಗೆದು ಜೇಬಿಗಿಟ್ಟರು. ಚೆಲುವ ಮಾತ್ರ ಹೆಂಡತಿಯ ಕಡೆ ತಿರುಗಿ, “ಹಾಗಾದ್ರೆ ಆ ಮನೆ ಏಳು ಸಲ ನನ್ನ ಮುಂದೆ ಬರಲಿಲ್ವಾ?” ಎಂದು ಕೇಳಿದ. “ಇಲ್ಲ,” ಎಂದಳು ಅವಳು, “ನೀನೇ ಏಳು ಸಲ ಬಂದೆ.” ಅವನಿಗೆ ಅದು ಇನ್ನೂ ಇಷ್ಟವಾಯಿತು.

ಹುಟ್ಟಿದಾಗಿನಿಂದ ಬಾಗಿಯೇ ಇದ್ದ ನಮಗೆ ಬಾಗಿದ್ದು ಗೊತ್ತಾಗುವುದು ಹೇಗೆ? ಹೊರಗಿನಿಂದ ಬಂದ ಸೊಸೆಯಂದಿರು ನಮ್ಮ ಹಾಗಾದಮೇಲೆ ಯಾರೂ ಮರಳಿ ಹೋಗಿ ಆಚೆ ನೆಲದ ಮೇಲೆ ಚೆಂಡು ಒದ್ದು ನೋಡಿರಲಿಲ್ಲ. ಮರೀಕಳೊಬ್ಬಳಿಗೇ ಎರಡೂ ಗೊತ್ತು. ಅವಳು ಕೊಡ ಹೊರದೆ ನೇರವಾಗಿಯೇ ಉಳಿದಿದ್ದರೆ ಆ ನಾಲ್ಕು ಹೆಜ್ಜೆಯನ್ನು ನಮಗೆ ಯಾರು ಹೇಳುತ್ತಿದ್ದರು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಹಾಗೆಂದು ನಾನು ಮಾಡಿದ್ದು ಒಳ್ಳೆಯ ಕೆಲಸವಾಗಿಬಿಡುವುದಿಲ್ಲ.

ಉಳಿದ ಹದಿಮೂರು ದಿನ ತಂಡವನ್ನು ಆಚೆ ನೆಲದ ಮೇಲೆಯೇ ಓಡಿಸಿದೆವು. ಮೂವತ್ತು ಹೆಜ್ಜೆಗೆ ನಾಲ್ಕು ಹೆಜ್ಜೆ ಬಲಕ್ಕೆ ಗುರಿ. ದೂರ ಹೆಚ್ಚಿದರೆ ಬಾಗುವುದೂ ಹೆಚ್ಚು, ಹತ್ತಿರವಾದರೆ ಕಡಿಮೆ. ಬೇಕಾದ ಕಡೆ ನೋಡದೆ ಬೇಡದ ಕಡೆ ನೋಡಿ ಒದೆಯುವುದು ಕಣ್ಣಿಗೆ ಬಹಳ ಕಷ್ಟ. ದ್ಯಾವಮ್ಮ ಮೈಲಿಗಲ್ಲಿನ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಿರುತ್ತಿದ್ದಳು. ಐದನೆಯ ದಿನ ಹೊನ್ನಿಯ ಚೆಂಡು ಮೊದಲ ಸಲ ಅವಳ ಮೊಸರನ್ನಕ್ಕೆ ಬಿದ್ದಾಗ ಅವಳು ಬೈಯುತ್ತಲೇ ಚಪ್ಪಾಳೆ ತಟ್ಟಿದಳು.

ಹೊರಡುವ ಹಿಂದಿನ ಸಂಜೆ ಅಂಗಿಗಳನ್ನು ಹಂಚಬೇಕಿತ್ತು. ಹೊನ್ನಿ ತನ್ನ ಬೂಟಿಗೆ ಎಣ್ಣೆ ಹಚ್ಚುತ್ತಾ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಹೇಳಿದೆ. “ಮಗಾ, ಒಂಬತ್ತು ಮರೀಕಳಿಗೆ ಕೊಡ್ತೀನಿ. ಗೋಲಿನ ಮುಂದೆ ನಿಲ್ಲೋದು ಅವಳಿಗೆ ನಿನಗಿಂತ ಚೆನ್ನಾಗಿ ಗೊತ್ತು. ನೀನು ಏಳು ಹಾಕ್ಕೋ.”

“ಹೂಂ.”

“ಇನ್ನೊಂದು. ಆ ಕೊಡದ ಮಾತು ತೆಗೆದವನು ನಾನು. ನಿಯಮಕ್ಕೋಸ್ಕರ ಅಲ್ಲ. ಅಂಗಿ ನಿನ್ನ ಹತ್ರಾನೇ ಉಳೀಲಿ ಅಂತ.”

“ಗೊತ್ತು ಬಿಡಪ್ಪ. ಸುಳ್ಳು ಹೇಳೋವಾಗ ನೀನು ಹಲಗೆ ನೋಡ್ತೀಯ.” ಅವಳು ಬೂಟಿನ ದಾರ ಬಿಗಿದಳು. “ಮರೀಕಂಗೂ ಆವತ್ತೇ ಗೊತ್ತು. ನಾನೇ ಹೇಳಿದೆ. ನಿಮ್ಮಪ್ಪ ಅಲ್ವಾ, ಹಾಗೇ ಇರಬೇಕು ಅಂದಳು.”

ಬೈದಿದ್ದರೆ ವಾಸಿಯಿತ್ತು. ಎದ್ದು ಹೋಗಿ ಎರಡು ಸೌಟು ಉಪ್ಪಿಟ್ಟು ಹೆಚ್ಚಿಗೆ ಮಾಡಿ ಪಕ್ಕದ ಮನೆಗೆ ಕೊಟ್ಟುಬಂದೆ.

ಪಂದ್ಯ ಕಡಲತೀರದ ಒಂದು ದೇಶದವರ ಮೇಲೆ. ಗಟ್ಟಿ ಆಳುಗಳು, ಮೊದಲರ್ಧದಲ್ಲೇ ಮೂರು ಗೋಲು ಹಾಕಿದರು. ಆದರೆ ನಮ್ಮ ಕಡೆಯವರ ಸಂಭ್ರಮ ನೋಡಿ ಅಲ್ಲಿನ ಜನಕ್ಕೆ ತಲೆಕೆಟ್ಟಿತು. ಹೊನ್ನಿ ಒದ್ದ ಚೆಂಡು ನೇರ ಹೋಗಿ ಅವರ ಗೋಲು ಕಾಯುವವಳ ಕೈಸೇರಿತು. ನಮ್ಮ ಬೆಂಚಿನವರೆಲ್ಲ ಎದ್ದು ಕುಣಿದೆವು. ಇಪ್ಪತ್ತಮೂರು ಪಂದ್ಯದಲ್ಲಿ ಎದುರಿನವರ ಗೋಲು ಕಾಯುವವಳಿಗೆ ನಾವು ಕೆಲಸ ಕೊಟ್ಟದ್ದು ಅದೇ ಮೊದಲು. ಮರೀಕಳ ಒಂದು ಹೊಡೆತ ಕಂಬಕ್ಕೆ ಬಡಿದು ಟಣ್ ಎಂದಿತು. ರಾಚಪ್ಪನವರು ಹಿಂದೆ ತಿರುಗಿ, “ಕಂಬ ಸರಿಯಾಗೇ ನೆಟ್ಟಿದ್ದಾರೆ,” ಎಂದು ಎಲ್ಲರಿಗೂ ಹೇಳಿದರು.

ಮುಗಿಯಲು ಹತ್ತು ನಿಮಿಷವಿರುವಾಗ ಎಡಮೂಲೆಯಿಂದ ಒದೆಯುವ ಅವಕಾಶ ಸಿಕ್ಕಿತು. ಆ ಹೊತ್ತಿಗೆ ನಾಲ್ಕು-ಸೊನ್ನೆ ಆಗಿತ್ತು. ನಮ್ಮ ಬೆಂಚು ಆ ಮೂಲೆಗೆ ಹತ್ತಿರದಲ್ಲೇ ಇತ್ತು. ಹೊನ್ನಿ ಚೆಂಡಿಟ್ಟಳು. ಗೋಲಿನ ಕಡೆ ತಿರುಗಿಯೂ ನೋಡದೆ ಮೈದಾನದ ನಡುವಿನ ಕಡೆಗೆ, ಯಾರೂ ಇಲ್ಲದ ಜಾಗಕ್ಕೆ, ಎತ್ತಿ ಒದ್ದಳು. ಕಡಲತೀರದ ಹುಡುಗಿಯರು ಅದು ತಪ್ಪಿದ ಒದೆತವೆಂದು ಮುಂದಕ್ಕೆ ಓಡಿದರು. ಚೆಂಡು ಗಾಳಿಯಲ್ಲಿ ಎಡಕ್ಕೆ ಬಾಗುತ್ತಾ, ಬಾಗುತ್ತಾ, ಮನೆಗೆ ಬರುವ ಹಸುವಿನ ಹಾಗೆ ಗೋಲಿನ ಕಡೆಗೇ ತಿರುಗಿಕೊಂಡಿತು. ಹತ್ತಿರದ ಕಂಬದ ಬಳಿ ಮರೀಕ ಹಾರಿದಳು. ಚೆಂಡು ಅವಳ ತಲೆಯ ಮೇಲಿಂದ ಹಾದು ಬಲೆಗೆ ಬಿತ್ತು.

ಗೋಲಾದಮೇಲೆ ಏನು ಮಾಡಬೇಕು ಎಂದು ನಮ್ಮವರಿಗೆ ತಿಳಿಯಲಿಲ್ಲ, ಅಭ್ಯಾಸವಿರಲಿಲ್ಲವಲ್ಲ. ಹುಡುಗಿಯರು ನಿಂತಲ್ಲೇ ನಿಂತಿದ್ದರು. ರಾಚಪ್ಪನವರು ಮಾತ್ರ ನನ್ನ ಭುಜ ಹಿಡಿದು ಅಲ್ಲಾಡಿಸುತ್ತಾ, “ಬಂತೇನಯ್ಯ? ಬಂತೇನಯ್ಯ?” ಎನ್ನುತ್ತಿದ್ದರು. ಕೊನೆಗೆ ಮರೀಕ ಹೊನ್ನಿಯನ್ನು ತಬ್ಬಿ ಎತ್ತಿದಳು, ಆಮೇಲೆ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು.

ಪಂದ್ಯ ನಾಲ್ಕು-ಒಂದಕ್ಕೆ ಮುಗಿಯಿತು. ಮಂಡಳಿಯ ಗುಮಾಸ್ತ ದೊಡ್ಡದೊಂದು ಪುಸ್ತಕ ಹಿಡಿದು ನಮ್ಮ ಬೆಂಚಿನ ಬಳಿ ಬಂದ. ಕತ್ತಿನಲ್ಲಿ ದಾರ ಕಟ್ಟಿದ ಪೆನ್ನು.

“ಗೋಲು ಯಾರದು ಅಂತ ಬರೀಬೇಕು. ನನಗೆ ಆ ಕಡೆಯಿಂದ ಸರಿಯಾಗಿ ಕಾಣಲಿಲ್ಲ. ಮೂಲೆಯಿಂದ ನೇರ ಹೋಯಿತೋ, ಒಂಬತ್ತನೇ ನಂಬರಿನವರಿಗೆ ತಾಗಿ ಹೋಯಿತೋ?”

“ನನಗೆ ತಾಗಲೇ ಇಲ್ಲ,” ಎಂದಳು ಮರೀಕ ತಕ್ಷಣ. “ಹೊನ್ನಿ ಗೋಲು. ಹೊನ್ನಿ ಅಂತ ಬರೀರಿ.”

“ನಾನು ಆ ಕಡೆ ನೋಡ್ತಾನೇ ಇರಲಿಲ್ಲ,” ಎಂದಳು ಹೊನ್ನಿ. ಅವಳ ಕಣ್ಣು ಆ ಪೆನ್ನಿನ ಮೇಲಿತ್ತು.

ಗುಮಾಸ್ತ ನನ್ನ ಕಡೆ ತಿರುಗಿದ. “ತರಬೇತುದಾರರು ನೀವಲ್ವೇ? ನೀವು ಹತ್ತಿರ ಇದ್ರಿ. ಹೇಳಿ, ಯಾರು?”

ನಾನು ನೋಡಿದ್ದೆ. ಚೆಂಡು ಮರೀಕಳ ತುರುಬಿಗೆ ಸವರಿತು. ಕೂದಲಿನ ಕ್ಲಿಪ್ಪು ಕಿತ್ತು ಹಾರಿ ಹುಲ್ಲಿನ ಮೇಲೆ ಬಿತ್ತು, ಚೆಂಡು ಅಷ್ಟರಿಂದಲೇ ಕೆಳಕ್ಕೆ ಇಳಿದು ಒಳಗೆ ಹೋಯಿತು. ಆ ಸವರುವಿಕೆ ಇಲ್ಲದಿದ್ದರೆ ಅದು ಮೇಲಿನ ಅಡ್ಡಪಟ್ಟಿ ದಾಟಿ ಆಚೆ ಬೀಳುತ್ತಿತ್ತು. ನಾನು ಹೊನ್ನಿ ಎಂದರೆ ಬೇಡ ಎನ್ನುವವರು ಅಲ್ಲಿ ಯಾರೂ ಇರಲಿಲ್ಲ. ಮರೀಕ ಬೇಕೆಂದೇ ಸುಳ್ಳು ಹೇಳಿ ದಾರಿ ಬಿಟ್ಟುಕೊಟ್ಟಿದ್ದಳು. ಹನ್ನೆರಡು ಪಂದ್ಯ ಆಡಿದ ಮಗಳು ಎದುರಿಗೆ, ಮೊಣಕಾಲಿಗೆ ಮಣ್ಣು ಮೆತ್ತಿಕೊಂಡು ನಿಂತಿದ್ದಳು. ಸುತ್ತ ಎಲ್ಲಿ ನೋಡಿದರೂ ಹಲಗೆ ಇರಲಿಲ್ಲ.

“ಮರೀಕ,” ಎಂದೆ. “ತುರುಬಿಗೆ ತಾಗಿತು. ಮರೀಕ, ದ್ಯಾವಮ್ಮನ ಸೊಸೆ, ನಮ್ಮೂರು.”

ಆತ ಅಷ್ಟನ್ನೂ ಬರೆದುಕೊಂಡ. ಮರೀಕ ತಲೆ ಮುಟ್ಟಿ ನೋಡಿಕೊಂಡು, ಕ್ಲಿಪ್ಪಿಲ್ಲದ್ದು ಗೊತ್ತಾಗಿ, ಅದನ್ನು ಹುಡುಕುವ ನೆಪದಲ್ಲಿ ಮೈದಾನದ ಕಡೆ ಹೋದಳು. ಹೊನ್ನಿ ನನ್ನ ಪಕ್ಕದಲ್ಲಿ ಬಂದು ಕೂತು, ಗುಮಾಸ್ತ ಬರೆದದ್ದನ್ನು ತಲೆಕೆಳಗಿನಿಂದಲೇ ಓದಿದಳು.

“ನನ್ನನ್ನು ಕೇಳಿದ್ದರೂ ಅದನ್ನೇ ಹೇಳ್ತಿದ್ದೆ ಅಪ್ಪಾ,” ಎಂದಳು. “ಆದ್ರೆ ನಿನ್ನಷ್ಟು ಬೇಗ ಹೇಳ್ತಿರಲಿಲ್ಲ.”

“ಕೋಪ ಬಂತಾ?”

“ಸ್ವಲ್ಪ. ಬಸ್ಸು ಹತ್ತೋ ಹೊತ್ತಿಗೆ ಹೋಗುತ್ತೆ.” ಅವಳು ಕಾಲುಚೀಲ ಕೆಳಗಿಳಿಸಿ ಮಣ್ಣು ಕೊಡವಿದಳು. “ಮುಂದಿನ ಸಲ ಮೂಲೆಯಿಂದ ಅವಳು ಒದೀಲಿ. ತಲೆ ನಾನು ಕೊಡ್ತೀನಿ.”

ಗುಮಾಸ್ತ ಪುಸ್ತಕ ಮುಚ್ಚಿ ಹೊರಟಿದ್ದ. ನಾನು ಅವನ ತೋಳು ಹಿಡಿದು ನಿಲ್ಲಿಸಿದೆ.

“ಸ್ವಾಮಿ, ಒಂದು ನಿಮಿಷ. ನಮ್ಮ ಇಪ್ಪತ್ತೈದನೆಯ ಪಂದ್ಯ ಯಾವತ್ತು ಅಂತ ನೋಡಿ ಹೇಳಿ.”

ಆತ ಬೆರಳು ನಾಲಿಗೆಗೆ ಮುಟ್ಟಿಸಿ ಹಾಳೆ ತಿರುವಿದ.